ಫೈಲಿನ ಮೂಲೆಯ ಪೆನ್ಸಿಲ್ ಬರಹ

ತಂಗಿಯ ಮಗುವಿಗೆ ತೇಯ್ದು ನೆಕ್ಕಿಸಲು ಬಜೆ ಬೇಕೆಂದು ಅಮ್ಮ ಹೇಳಿದ್ದರಿಂದ ಕಳೆದ ತಿಂಗಳು ದೊಡ್ಡ ಮಾರುಕಟ್ಟೆಯ ಗ್ರಂಧಿಗೆ ಅಂಗಡಿಗೆ ಹೋಗಿದ್ದೆ. ಅಂಗಡಿಯವರು ತಗಡಿನ ಡಬ್ಬಿಯ ಮುಚ್ಚಳ ತೆಗೆದರು. ಬೇರೆಯವರಿಗೆ ಬಜೆಯ ವಾಸನೆ ಎಂದರೆ ಬಾಣಂತಿ ಕೋಣೆ, ಹರಳೆಣ್ಣೆ, ಸಾಂಬ್ರಾಣಿ ಹೊಗೆ. ನನಗೆ ಅದು ಎಂಬತ್ತು ಸಾವಿರ ಫೈಲುಗಳ ವಾಸನೆ. ಅಂಗಡಿಯವರು ಎರಡು ಸಲ ಕೇಳಿದ ಮೇಲೆಯೇ ಎಷ್ಟು ಬೇಕೆಂದು ಹೇಳಿದ್ದು.

2001ರ ಜೂನ್‌ನಿಂದ ಮುಂದಿನ ಮಾರ್ಚ್‌ವರೆಗೆ, ಮಂಡಿ ಮೊಹಲ್ಲಾದ ಅಂಚಿನಲ್ಲಿದ್ದ ಒಂದು ಆಸ್ಪತ್ರೆಯ ಫೈಲು ಕೋಣೆಯಲ್ಲಿ ನಾನು ಕೆಲಸ ಮಾಡಿದೆ. ಸನ್ಯಾಸಿನಿಯರು ನಡೆಸುತ್ತಿದ್ದ ಹಳೆಯ ಆಸ್ಪತ್ರೆ ಅದು. ಕಂಪ್ಯೂಟರ್ ವಿಜ್ಞಾನದಲ್ಲಿ ಎಂ.ಎಸ್ಸಿ. ಮುಗಿಸಿದ ನನಗೆ ಅದು ಮೊದಲ ಕೆಲಸ. ಚಾಮರಾಜಪುರಂನ ಮನೆಯಿಂದ ಲೂನಾದಲ್ಲಿ ಹೋಗುತ್ತಿದ್ದೆ. ಸಂಜೆ ಹಿಂದಿರುಗಿದಾಗ ಅಮ್ಮ ಬಚ್ಚಲಿನಲ್ಲಿ ಬಿಸಿನೀರು ಇಟ್ಟಿರುತ್ತಿದ್ದರು. ಸ್ನಾನ ಮಾಡಿ ವಿಭೂತಿ ಹಚ್ಚಿದ ಮೇಲೆಯೇ ಅಡುಗೆಮನೆಗೆ ಪ್ರವೇಶ. ನಾನು ಮುಟ್ಟುವುದು ರೋಗಿಗಳನ್ನಲ್ಲ, ಕಾಗದವನ್ನು ಎಂದು ಹೇಳಿ ನೋಡಿದೆ. "ಕಾಗದಾನ ಮುಟ್ಟಿದೋರು ಯಾರು?" ಎಂದರು ಅಮ್ಮ. ನಾನು ಬಚ್ಚಲಿಗೆ ಹೋದೆ.

ಕೆಲಸವನ್ನು ಸಿಸ್ಟರ್ ಫಿಲೋಮಿನಾ ಮೊದಲ ದಿನವೇ ಸ್ಪಷ್ಟಪಡಿಸಿದರು. ಆಸ್ಪತ್ರೆಯ ಆಡಳಿತ ಅವರದು. ಅಗಲ ಮುಖ, ಕಡಿಮೆ ಮಾತು.

"ನೋಡು ದಾಕ್ಷಾಯಿಣಿ, ನಮ್ಮ ಫೈಲು ಕೋಣೆ ಚೌರಪ್ಪನವರ ತಲೇಲಿದೆ. ಮಾರ್ಚ್ ಕೊನೆಗೆ ಅವರು ರಿಟೈರ್ ಆಗ್ತಾರೆ. ತಲೆ ಅವರ ಜೊತೆ ಹೋಗತ್ತೆ. ಮಾರನೇ ದಿನ ನಮ್ಮ ಹತ್ರ ಕಾಗದ ಇರತ್ತೆ, ಯಾರ ಕಾಗದ ಎಲ್ಲಿದೆ ಅಂತ ಗೊತ್ತಿರಲ್ಲ. ಹತ್ತು ವರ್ಷದಿಂದ ಔಷಧಿ ತಗೊಳ್ತಿರೋರೂ ಅವತ್ತು ಹೊಸ ರೋಗಿ ಆಗ್ಬಿಡ್ತಾರೆ. ಹಾಗಾಗಬಾರದು. ಎಲ್ಲಾ ಕಂಪ್ಯೂಟರಿಗೆ ಹೋಗ್ಬೇಕು. ಯಾವ ಸಾಫ್ಟ್‌ವೇರ್ ತಗೋಬೇಕು ಅಂತ ನೀನು ಹೇಳು. ಈಗೀಗ ಪ್ರತಿ ವರ್ಷ ಐದಾರು ಸಾವಿರ ಜನ ಹೊಸದಾಗಿ ಬರ್ತಾರೆ, ಅದನ್ನೂ ನೆನಪಿಟ್ಕೋ."

ಇಷ್ಟೇ. ಒಂಬತ್ತೂವರೆ ತಿಂಗಳು ಇತ್ತು.

ಚೌರಪ್ಪನವರು ಆ ಕೋಣೆಯಲ್ಲಿ ಮೂವತ್ತೊಂದು ವರ್ಷ ಕೂತಿದ್ದವರು. ಬಿಳಿ ಅರೆತೋಳಿನ ಅಂಗಿ, ಕಿವಿಯ ಮೇಲೆ ಪೆನ್ಸಿಲ್, ಕೊರಳಲ್ಲಿ ಕಪ್ಪು ದಾರದ ಶಿಲುಬೆ. ನಾನು ಹೋದಾಗ ಅವರು ಕಿಟಕಿಯಲ್ಲಿ ಒಬ್ಬ ಹೆಂಗಸಿನೊಡನೆ ಮಾತಾಡುತ್ತಿದ್ದರು. ಆಕೆ ಚೀಟಿ ಕಳೆದುಕೊಂಡಿದ್ದಳು.

"ಹೆಸರು?"

"ಮಾದೇವಮ್ಮ, ಬುದ್ದಿ."

"ಮಾದೇವಮ್ಮಂದಿರು ನನ್ ತಾವ ಒಂದ್ ಬಸ್ ತುಂಬ ಅವ್ರೆ. ನೀನು ಯಾವ ಬಸ್ಸಲ್ಲಿ ಬಂದೆ, ಅದ್ನ ಹೇಳು."

"ಹುಲ್ಲಳ್ಳಿ ಬಸ್ಸು."

"ಮೊದಲ್ನೇ ಸಲ ಬಂದಾಗ ಯಾರ ಜೊತೆ ಬಂದಿದ್ದೆ?"

"ನಮ್ಮಣ್ಣನ್ ಜೊತೆ. ಈಗ ಅವ್ನಿಲ್ಲ."

"ಅಯ್ಯೋ. ಮಫ್ಲರ್ ಸುತ್ಕೊಂಡು ಬರ್ತಿದ್ನಲ್ಲ, ಹಾಲಿನ ಡೇರಿಯವ್ನು?"

ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅವರು ಒಳಗೆ ಹೋಗಿ ಫೈಲು ತಂದರು. ಗಡಿಯಾರ ನೋಡಿದ್ದೆ. ಎರಡು ನಿಮಿಷವೂ ಆಗಿರಲಿಲ್ಲ.

ಕೋಣೆಯ ಕ್ರಮ ಅಕ್ಷರದ್ದೂ ಅಲ್ಲ, ಸಂಖ್ಯೆಯದೂ ಅಲ್ಲ. ಅದು ಬಸ್ಸಿನ ಕ್ರಮ. ಹುಲ್ಲಹಳ್ಳಿ, ಬನ್ನೂರು, ಹುಣಸೂರು, ಗುಂಡ್ಲುಪೇಟೆ, ಹೀಗೆ ಒಂದೊಂದು ದಾರಿಗೆ ಒಂದೊಂದು ಸಾಲು ಕಪಾಟು. ಬಸ್ಸು ನಿಲ್ಲುವ ಊರುಗಳ ಸಾಲಿನಂತೆಯೇ ಫೈಲಿನ ಗಂಟುಗಳು. ಪ್ರತಿ ಗಂಟಿನೊಳಗೆ ಹುಳ ಬಾರದಿರಲಿ ಎಂದು ಬಜೆಯ ಒಂದು ತುಂಡು. ಪ್ರತಿ ಫೈಲಿನ ಬಲ ಮೂಲೆಯಲ್ಲಿ ಪೆನ್ಸಿಲ್‌ನಲ್ಲಿ ಸಣ್ಣ ಬರಹ. "ಬಳೆ ಮಲಾರದವಳು." "ಎಡಗಿವಿ ಹರಿದಿದೆ." "ಮಗ ಕಂಡಕ್ಟರ್." "ಗಂಡ ಬಿಟ್ಟಿದ್ದಾನೆ, ಕೇಳಬಾರದು."

ಕೊನೆಯದನ್ನು ಓದಿ ನನಗೆ ಮುಜುಗರವಾಯಿತು. ನಾನು ಅಪರಿಚಿತರಿಗೆ ಹೆಸರಿಗಿಂತ ಹೆಚ್ಚು ಹೇಳುವವಳಲ್ಲ, ಅವರಿಂದ ಕೇಳುವವಳೂ ಅಲ್ಲ.

"ಇಷ್ಟೆಲ್ಲ ವಿಷಯ ಆಸ್ಪತ್ರೆಗೆ ಯಾಕೆ ಬೇಕು ಸರ್?" ಎಂದು ಕೇಳಿದೆ.

"ಆಸ್ಪತ್ರೆಗೆ ಬೇಡ ಮೇಡಮ್ಮೋರೆ, ನಂಗೆ ಬೇಕು," ಎಂದರು. ನನ್ನ ಹಿಂದೆ ಹಮಾಲಿ ಇಳಿಸುತ್ತಿದ್ದ ಕಂಪ್ಯೂಟರ್ ಕಡೆ ತಿರುಗಿ, "ಆ ಪೆಟ್ಟಿಗೆ ನಿಮ್ದಾ? ಕಿಟಕಿ ತಾವ ಇಡ್ಬೇಡಿ. ಮಳೆ ಎರಚ್ತದೆ. ಅದ್ಕೆ ನೆಗಡಿ ಆಗ್ಬುಟ್ರೆ ನಮ್ಮಲ್ಲಿ ಫೈಲಿಲ್ಲ," ಎಂದರು.

ಆ ಮುಂಗಾರು ಪೂರ್ತಿ ನಾನೂ ಶಾಹೀನಳೂ ಹುಲ್ಲಹಳ್ಳಿ ದಾರಿಯ ಫೈಲುಗಳನ್ನು ಕಂಪ್ಯೂಟರಿಗೆ ತುಂಬಿದೆವು. ಶಾಹೀನ್ ಅದೇ ಮೊಹಲ್ಲಾದವಳು. ಜಾಬ್ ಟೈಪಿಂಗ್ ಅಂಗಡಿಯಲ್ಲಿ ಮೂರು ವರ್ಷ ಕೂತು ಬೆರಳು ಪಳಗಿಸಿಕೊಂಡಿದ್ದಳು. ಹೊರಗೆ ಸಣ್ಣ ಮಳೆ, ಒಳಗೆ ಅವಳ ಕೀಲಿಮಣೆಯ ಸದ್ದು. ಕಂಪ್ಯೂಟರ್ ಮಾರಿದ ಅಂಗಡಿಯವರು ಜೊತೆಗೆ ಒಂದು ಡೇಟಾಬೇಸ್ ತಂತ್ರಾಂಶ ಹಾಕಿಕೊಟ್ಟಿದ್ದರು. ಆಗ ಊರಿನ ಎಲ್ಲ ಕಂಪ್ಯೂಟರ್ ತರಗತಿಗಳಲ್ಲಿ ಕಲಿಸುತ್ತಿದ್ದದ್ದು ಅದನ್ನೇ. ನನಗೂ ಅಂಗೈಯಷ್ಟು ಪರಿಚಿತ. ಪರೀಕ್ಷೆಗೆಂದು ಅದರಲ್ಲೇ ಶುರುಮಾಡಿದೆ. ಸಂಖ್ಯೆ, ಹೆಸರು, ತಂದೆ ಅಥವಾ ಗಂಡನ ಹೆಸರು, ವಯಸ್ಸು, ಊರು, ಕಾಯಿಲೆ, ಕೊನೆಯ ಸಲ ಬಂದ ದಿನ. ಏಳು ಅಂಕಣ. ಪೆನ್ಸಿಲ್ ಬರಹವನ್ನು ಬಿಟ್ಟೆ. ಅದು ಮಾಹಿತಿ ಅಲ್ಲ, ಊರ ಮಾತು ಎಂಬುದು ನನ್ನ ತೀರ್ಮಾನವಾಗಿತ್ತು. ಚೌರಪ್ಪನವರನ್ನು ಕೇಳಲಿಲ್ಲ. ಅವರೂ ಕೇಳಲಿಲ್ಲ. ದಿನಕ್ಕೊಮ್ಮೆ ನಮ್ಮ ಮೇಜಿನ ಬಳಿ ಬಂದು, "ಎಷ್ಟು ಜನಾನ ನುಂಗ್ತು ಇವತ್ತು?" ಎನ್ನುತ್ತಿದ್ದರು. ಶಾಹೀನ್ ಲೆಕ್ಕ ಹೇಳುತ್ತಿದ್ದಳು. "ಒಬ್ರನ್ನಾದ್ರೂ ವಾಪಸ್ ಕೊಡ್ತದಾ, ಇಲ್ವಾ?" ಎಂದು ನಕ್ಕು ಹೋಗುತ್ತಿದ್ದರು.

ದಸರಾ ರಜೆಗೆ ಮುಂಚೆ ಹನ್ನೊಂದು ಸಾವಿರ ದಾಖಲೆಗಳಾದವು. ಆಗ ನನಗೆ ಒಂದು ವಿಷಯ ಕಣ್ಣಿಗೆ ಬಿತ್ತು. ಎಷ್ಟೋ ದಾಖಲೆಗಳು ಎರಡೆರಡು ಇದ್ದವು. "ನಂಜಮ್ಮ ಕೋಂ ನಂಜಯ್ಯ", ಒಂದೇ ಊರು, ಒಂದೇ ವಯಸ್ಸು ಐವತ್ತು, ಬೇರೆ ಬೇರೆ ಸಂಖ್ಯೆ. ಚೀಟಿ ಕಳೆದುಕೊಂಡವರು ಮತ್ತೆ ಹೊಸದಾಗಿ ಬರೆಸಿರುತ್ತಾರೆ ಎಂದು ಸಿಸ್ಟರ್ ಹಿಂದೊಮ್ಮೆ ಹೇಳಿದ್ದರು. ಸರಿ, ಒಬ್ಬರಿಗೆ ಎರಡು ದಾಖಲೆ ಇರಬಾರದು ಎಂದು ನಾಲ್ಕು ಸಾಲಿನ ಒಂದು ಆಜ್ಞೆ ಬರೆದೆ. ಹೆಸರು, ಗಂಡ ಅಥವಾ ತಂದೆಯ ಹೆಸರು, ಊರು, ವಯಸ್ಸು, ಈ ನಾಲ್ಕೂ ಅಂಕಣ ಹೊಂದಿದರೆ ಇತ್ತೀಚಿನದನ್ನು ಉಳಿಸು, ಹಳೆಯದನ್ನು ತೆಗೆ. ಮುನ್ನೂರ ಹನ್ನೆರಡು ಹೋದವು. ಆ ತಂತ್ರಾಂಶದಲ್ಲಿ ತೆಗೆದದ್ದು ಮತ್ತೆ ಬಾರದಂತೆ ಪೂರ್ತಿ ಅಳಿಸಿಬಿಡುವ ಇನ್ನೊಂದು ಆಜ್ಞೆ ಇತ್ತು. ಅದನ್ನೂ ಕೊಟ್ಟೆ. ಪಟ್ಟಿ ಚೊಕ್ಕಟವಾಯಿತು. ಆ ದಿನ ಸಂತೋಷದಿಂದ ಮನೆಗೆ ಹೋದದ್ದು ನೆನಪಿದೆ.

ಆ ಸೀಮೆಯವಳೇ ಆಗಿ ನಾನು ಮಾಡಬಾರದಾಗಿದ್ದ ತಪ್ಪು ಅದು. ನಂಜನಗೂಡಿನ ಸುತ್ತ ಮನೆದೇವರ ಹೆಸರನ್ನೇ ಮಕ್ಕಳಿಗೆ ಇಡುತ್ತಾರೆ. ಅಜ್ಜನ ಹೆಸರು ಮೊಮ್ಮಗನಿಗೆ, ಅಜ್ಜಿಯದು ಮೊಮ್ಮಗಳಿಗೆ. ನನ್ನ ತಂದೆಯ ಅಣ್ಣತಮ್ಮಂದಿರ ಮಕ್ಕಳಲ್ಲೇ ಮೂವರು ಮಹದೇವಸ್ವಾಮಿಗಳಿದ್ದಾರೆ. ಮನೆಯಲ್ಲಿ ಅವರನ್ನು ಕರೆಯುವುದು ದೊಡ್ಡವ, ಕನ್ನಡಕದವ, ಬ್ಯಾಂಕಿನವ ಎಂದು. ವಯಸ್ಸು ಕೇಳಿದರೆ ಹಳ್ಳಿಯ ಹೆಂಗಸರು "ಐವತ್ತು ಅಂತ ಬರ್ಕಳಿ" ಎನ್ನುತ್ತಾರೆ. ಇದೆಲ್ಲ ನನಗೆ ಗೊತ್ತಿತ್ತು. ಕಂಪ್ಯೂಟರಿನ ಮುಂದೆ ಕೂತಾಗ ಮಾತ್ರ ಗೊತ್ತಿರಲಿಲ್ಲ.

ಅಕ್ಟೋಬರ್ ಕೊನೆಯಿಂದ ಮಂಗಳವಾರಗಳಂದು ಹುಲ್ಲಹಳ್ಳಿ ಬಸ್ಸಿನವರಿಗೆ ಮಾತ್ರ ಕಂಪ್ಯೂಟರಿನಿಂದ ಚೀಟಿ ಕೊಡುವುದೆಂದಾಯಿತು. ಎರಡನೆಯ ಮಂಗಳವಾರ ಕಿಟಕಿಯಲ್ಲಿ ಶಾಹೀನ್ ಇದ್ದಳು. ಚೌರಪ್ಪನವರು ಫೈಲುಗಳ ಹೊರೆ ಎತ್ತಿಕೊಂಡು ವೈದ್ಯರ ಕೋಣೆಗಳ ಕಡೆ ಹೋಗಿದ್ದರು. ಹತ್ತೇ ನಿಮಿಷದಲ್ಲಿ ಒಬ್ಬ ಹೆಂಗಸಿನ ತೋಳು ಹಿಡಿದುಕೊಂಡು ಹಿಂದಿರುಗಿದರು.

"ಈಯಮ್ಮನ್ನ ಸಕ್ಕರೆ ಕಾಯಿಲೆ ರೂಮಿಗೆ ಕಳ್ಸಿದ್ದು ಯಾರು?"

ಶಾಹೀನ್ ಪರದೆ ತೋರಿಸಿದಳು. ನಂಜಮ್ಮ ಕೋಂ ನಂಜಯ್ಯ, ಸಕ್ಕರೆ ಕಾಯಿಲೆ.

"ಇವ್ಳು ಆ ನಂಜಮ್ಮ ಅಲ್ಲ ಕಣಮ್ಮ. ಇವ್ಳಿಗೆ ಮೂರ್ಛೆ ಬರ್ತದೆ. ಆರು ವರ್ಷದಿಂದ ಮಾತ್ರೆ ತಗೋತಾವ್ಳೆ." ಆಕೆಯ ಎಡಗೈ ಎತ್ತಿ ತೋರಿಸಿದರು. ಮಣಿಕಟ್ಟಿನಿಂದ ಮೊಣಕೈವರೆಗೆ ಸುಟ್ಟ ಗಾಯದ ಗುರುತು. "ಒಲೆ ಮುಂದೆ ಬಿದ್ದಿದ್ಳು. ಬರ್ದಿವ್ನಲ್ಲ ಮೂಲೇಲಿ, ನೋಡಿಲ್ವಾ?"

ನಂಜಮ್ಮ ನಮ್ಮಿಬ್ಬರನ್ನೂ ಸಮಾಧಾನ ಮಾಡುವವಳಂತೆ, "ಓಗ್ಲಿ ಬುಡಿ ಬುದ್ದಿ. ಸೂಜಿ ಚುಚ್ಚಿ ರಕ್ತ ತಗದ್ರು ಅಷ್ಟೇಯ. ಮಾತ್ರೆ ಕೊಟ್ರೆ ಓಗ್ತೀನಿ, ಒಂದ್ ಗಂಟೆ ಬಸ್ಸದೆ," ಎಂದಳು.

ಹಳೆಯ ಪ್ರತಿ ಇಟ್ಟಿದ್ದ ಫ್ಲಾಪಿಗಳನ್ನು ಹಾಕಿ ನೋಡಿದೆ. ಏಳರಲ್ಲಿ ಒಂದನ್ನು ಕಂಪ್ಯೂಟರ್ ಓದಲಿಲ್ಲ. ಆ ಒಂದಿಲ್ಲದೆ ಉಳಿದ ಆರು ವ್ಯರ್ಥ. ನಾನು ಸಿಸ್ಟರ್ ಕೋಣೆಗೆ ಹೋಗಿ ನಿಂತುಕೊಂಡೇ ಹೇಳಿದೆ.

"ಒಬ್ಬರದೇ ಹೀಗಾಗಿದ್ದಾ?" ಎಂದರು ಅವರು.

"ಮುನ್ನೂರ ಹನ್ನೆರಡು, ಸಿಸ್ಟರ್."

"ಕಾಗದ ಇದೆ ತಾನೆ?"

"ಇದೆ."

"ಹಾಗಿದ್ರೆ ನನ್ನ ಹತ್ರ ಯಾಕೆ ಬಂದೆ? ಚೌರಪ್ಪನವರ ಹತ್ರ ಹೋಗು."

ಅವರ ಹತ್ತಿರ ಹೋಗುವುದೇ ಕಷ್ಟವಾಗಿತ್ತು. ನಾಲ್ಕು ತಿಂಗಳು ಒಂದೇ ಕೋಣೆಯಲ್ಲಿದ್ದು ನಾನು ಅವರ ಕೆಲಸದ ಬಗ್ಗೆ ಕೇಳಿದ್ದು ಒಂದೇ ಪ್ರಶ್ನೆ, ಅದೂ ಆಕ್ಷೇಪದ್ದು. ಚುಚ್ಚುಮಾತಿಗೆ ಸಿದ್ಧಳಾಗಿಯೇ ಹೋದೆ. ಅವರು ಸ್ಟೂಲು ಎಳೆದು ಹಾಕಿದರು.

"ಕೂತ್ಕಳಿ. ನಾನು ಮಾಡಿರೋದು ಕೇಳಿದ್ರೆ ನಿಮ್ದೇನೂ ಅಲ್ಲ. ನಾನು ಸೇರಿದಾಗ ಇಲ್ಲಿ ಅಕ್ಷರದ ಪ್ರಕಾರ ಫೈಲು. ಮ ಅಂದ್ರೆ ಈ ಗೋಡೆ ಪೂರ್ತಿ. ಇಬ್ರು ಮಾದೇವ, ಇಬ್ರೂ ಹತ್ತು ವರ್ಷದ ಹೈಕ್ಳು. ಒಬ್ಬನ ಫೈಲು ಇನ್ನೊಬ್ಬಂಗೆ ಕೊಟ್ಬುಟ್ಟೆ. ಎದೆ ಆಪರೇಷನ್ ಆಗ್ಬೇಕಾಗಿದ್ದೋನು ಕೆಮ್ಮಿನ ಔಷಧಿ ತಗೊಂಡು ಹೋದ. ಎರಡು ತಿಂಗ್ಳಾದ್ಮೇಲೆ ಗೊತ್ತಾಯ್ತು."

"ಏನಾಯ್ತು ಆ ಹುಡುಗನಿಗೆ?"

"ಬದುಕ್ದ. ದೇವರು ದೊಡ್ಡೋನು. ಈಗ್ಲೂ ಬರ್ತಾನೆ, ಹುಣಸೂರು ಬಸ್ಸು. ಅವ್ನ ಫೈಲು ಇವತ್ತಿಗೂ ಎರಡೆರಡು ಸಲ ನೋಡಿ ಕೊಡ್ತೀನಿ. ಅವತ್ತಿಂದ ನಾನು ಹೆಸರು ನಂಬಲ್ಲ." ಪೆನ್ಸಿಲ್ ತೆಗೆದು ಚೂಪು ನೋಡಿಕೊಂಡರು. "ತನ್ನಿ ಆ ಪಟ್ಟಿ. ಒಬ್ಬೊಬ್ರನ್ನೇ ನೋಡನ."

ಅಳಿಸಿಹೋದವರ ದಾಖಲೆಯಷ್ಟೇ ಹೋಗಿತ್ತು, ಎರಡೆರಡು ಬಂದಿದ್ದ ಹೆಸರುಗಳ ಪಟ್ಟಿಯನ್ನು ಅಳಿಸುವ ಮೊದಲು ಅಚ್ಚು ಹಾಕಿಟ್ಟಿದ್ದೆ. ಅದೇ ಹೆಸರಿನ ಎಲ್ಲ ಫೈಲುಗಳನ್ನೂ ಗಂಟು ಬಿಚ್ಚಿ ನೆಲದ ಮೇಲೆ ಜೋಡಿಸಿ, ಮೂಲೆಯ ಬರಹ ಓದುತ್ತ ಹೋದೆವು. ಹಿಂಗಾರಿನ ಮಳೆ ಹೊಡೆಯುತ್ತಿತ್ತು. ಹೊರರೋಗಿಗಳ ಸಮಯ ಮುಗಿದ ಮೇಲೆ, ಮಧ್ಯಾಹ್ನ ಎರಡರಿಂದ ಐದರವರೆಗೆ, ಮೂರು ವಾರ. ಅವರು ಓದುತ್ತಿದ್ದರು, ಶಾಹೀನ್ ಟೈಪು ಮಾಡುತ್ತಿದ್ದಳು, ನಾನು ಹೊಂದಿಸಿ ನೋಡುತ್ತಿದ್ದೆ. ಮುನ್ನೂರ ಹನ್ನೆರಡರಲ್ಲಿ ನಿಜವಾಗಿ ಒಬ್ಬರೇ ಎರಡು ಸಲ ಬರೆಸಿದ್ದು ನಲವತ್ತೊಂದು. ಉಳಿದವರೆಲ್ಲ ಬೇರೆ ಬೇರೆ ಜನ, ಬೇರೆ ಬೇರೆ ಮೈನೋವು.

ಆ ಮೂರು ವಾರದಲ್ಲಿ ಪೆನ್ಸಿಲ್ ಬರಹವನ್ನು ಎಂಟನೆಯ ಅಂಕಣವಾಗಿ ಸೇರಿಸಬೇಕೆಂದು ನಾನೇ ಹೇಳಿದೆ. ಜೊತೆಗೆ ಒಂದು ಷರತ್ತನ್ನೂ ಹೇಳಿದೆ. ರೋಗಿ ಎದುರಿಗೆ ನಿಂತಿರುವಾಗ ಗಟ್ಟಿಯಾಗಿ ಓದಬಹುದಾದದ್ದನ್ನು ಮಾತ್ರ ಬರೆಯೋಣ. ಚೌರಪ್ಪನವರಿಗೆ ಬೇಜಾರಾಯಿತೇನೋ ಅಂದುಕೊಂಡೆ. ಅವರು ಡ್ರಾಯರಿನಿಂದ ರಬ್ಬರು ತೆಗೆದು, "ಗಂಡ ಬಿಟ್ಟಿದ್ದಾನೆ" ಎಂಬ ಸಾಲನ್ನು ಅಳಿಸಿ, ಅಲ್ಲಿ "ಅಕ್ಕನ ಜೊತೆ ಬರುತ್ತಾಳೆ, ಇಬ್ಬರಿಗೂ ಒಂದೇ ಬಣ್ಣದ ಸೀರೆ" ಎಂದು ಬರೆದರು.

"ಇದು ಓದ್ಬೋದಾ, ಮಗಾ?"

ಮೇಡಮ್ಮೋರು ಹೋಗಿ ಮಗಾ ಆದದ್ದನ್ನು ನಾನು ಗಮನಿಸಿದೆ.

ಈಗ ತಂತ್ರಾಂಶದ ಆಯ್ಕೆಯನ್ನು ಮೊದಲಿನಿಂದ ನೋಡಬೇಕಾಗಿತ್ತು. ಜೂನ್‌ನಲ್ಲಿ ನಾನು ಕೇಳಿಕೊಂಡಿದ್ದ ಪ್ರಶ್ನೆ, ಯಾವುದು ಬೇಗ ಹುಡುಕುತ್ತದೆ ಎಂಬುದು. ನವೆಂಬರ್‌ನಲ್ಲಿ ಪ್ರಶ್ನೆ ಬದಲಾಗಿತ್ತು. ಯಾವುದು ಮರೆಯುವುದಿಲ್ಲ? ಆ ವರ್ಷ ದಿನಕ್ಕೆ ಮೂರು ನಾಲ್ಕು ಸಲ ಕರೆಂಟ್ ಹೋಗುತ್ತಿತ್ತು. ಜನರೇಟರ್ ಆಪರೇಷನ್ ಕೋಣೆಗೆ ಮತ್ತು ವಾರ್ಡುಗಳಿಗೆ ಮಾತ್ರ. ಬರೆಯುತ್ತಿರುವಾಗಲೇ ಕರೆಂಟ್ ಹೋದರೆ ಏನಾಗುತ್ತದೆ ಎಂಬುದೇ ನಮ್ಮ ನಿಜವಾದ ಪರೀಕ್ಷೆ. ಮೂರು ತಂತ್ರಾಂಶಗಳನ್ನು ಪಟ್ಟಿ ಮಾಡಿದೆ. ಒಂದು ಅಂಗಡಿಯವರದು. ಇನ್ನೊಂದು ದೊಡ್ಡ ಕಂಪನಿಯದು, ಅದನ್ನು ತೋರಿಸಲು ಬೆಂಗಳೂರಿನಿಂದ ಟೈ ಕಟ್ಟಿದ ಒಬ್ಬರು ಬಂದರು. ಮೂರನೆಯದು ಯಾರೂ ಮಾರದೆ ಇದ್ದದ್ದು. ಜಗತ್ತಿನ ಬೇರೆ ಬೇರೆ ಕಡೆಯ ಜನ ಸೇರಿ ಬರೆದು ಉಚಿತವಾಗಿ ಬಿಟ್ಟಿದ್ದ ತಂತ್ರಾಂಶ. ನನ್ನ ಪ್ರಾಧ್ಯಾಪಕರು ಒಂದು ಸಿ.ಡಿ.ಯಲ್ಲಿ ಕೊಟ್ಟಿದ್ದರು.

ದಾಖಲೆ ಸೇರಿಸುತ್ತಿರುವಾಗ ಹತ್ತು ಸಲ ಪ್ಲಗ್ ಕಿತ್ತು, ಮತ್ತೆ ಚಾಲೂ ಮಾಡಿ, ಎಲ್ಲ ಇದೆಯೇ ಎಂದು ನೋಡುವುದು ನನ್ನ ಯೋಜನೆ.

"ಪ್ಲಗ್ ನಾನ್ ಕೀಳ್ತೀನಿ," ಎಂದರು ಚೌರಪ್ಪನವರು. "ಜೂನಿಂದ ಕಾಯ್ತಾವ್ನಿ."

ಮೊದಲನೆಯದರ ಸರದಿ. ಅವರು ಗೋಡೆಯ ಬಳಿ ಪ್ಲಗ್ ಹಿಡಿದು ನಿಂತರು. ಶಾಹೀನ್ "ಹೂಂ" ಎಂದಾಗ ಎಳೆಯುತ್ತಿದ್ದರು. ಎರಡು ಸಲ ಸರಿಹೋಯಿತು. ಮೂರನೆಯ ಸಲ ಕಂಪ್ಯೂಟರ್ ಎದ್ದ ಮೇಲೆ ನಂಜಮ್ಮನ ಹೆಸರು ಕೊಟ್ಟು ಕೇಳಿದೆವು. "ದಾಖಲೆ ಇಲ್ಲ" ಎಂದಿತು. ದಾಖಲೆ ಇತ್ತು. ಅದನ್ನು ಹುಡುಕುವ ಸೂಚಿ ಮುರಿದಿತ್ತು.

"ಇಲ್ದೆ ಇರೋರ್ನ ಇಲ್ಲ ಅಂದ್ರೆ ಒಪ್ಪನ," ಎಂದರು ಚೌರಪ್ಪನವರು, ಪ್ಲಗ್ ಕೈಯಲ್ಲಿ ಹಿಡಿದುಕೊಂಡೇ. "ಇರೋರ್ನೇ ಇಲ್ಲ ಅಂತದಲ್ಲ, ಇದ್ಯಾವ ಸೀಮೆ ನ್ಯಾಯ?"

ಇರುವ ದಾಖಲೆಗಳನ್ನೇ ಮತ್ತೆ ಮತ್ತೆ ನಕಲು ಮಾಡಿ ನಾಲ್ಕು ಲಕ್ಷಕ್ಕೆ ಬೆಳೆಸಿಯೂ ನೋಡಿದೆ. ಮುಂದಿನ ದಿನಗಳ ಲೆಕ್ಕ ಅದು. ಒಂದು ಹೆಸರು ಸಿಗಲು ಒಂದೂಕಾಲು ನಿಮಿಷ ತೆಗೆದುಕೊಂಡಿತು. ಅಷ್ಟರಲ್ಲಿ ಚೌರಪ್ಪನವರು ಫೈಲು ತಂದು ಮೇಜಿನ ಮೇಲೆ ಹಾಕಿ ನನ್ನ ಕಡೆ ನೋಡದೆ ಹೋದರು.

ಟೈ ಕಟ್ಟಿದವರು ಪ್ಲಗ್ ವಿಷಯ ಕೇಳಿ ಗಾಬರಿಯಾದರು. "ಸರ್, ಹಾಗೆಲ್ಲ ಕೀಳಬಾರದು. ಅದಕ್ಕೆ ಬೇರೆ ವ್ಯವಸ್ಥೆ ಇರತ್ತೆ," ಎಂದರು. "ವ್ಯವಸ್ಥೆ ನಮ್ ಕರೆಂಟಿನೋರಿಗೆ ಹೇಳಿ ಸ್ವಾಮಿ," ಎಂದು ಇವರು ಎಳೆದೇಬಿಟ್ಟರು. ನ್ಯಾಯವಾಗಿ ಹೇಳಬೇಕೆಂದರೆ ಅದು ಹತ್ತೂ ಸಲ ಗೆದ್ದಿತು. ಒಳ್ಳೆಯ ತಂತ್ರಾಂಶ. ಅದು ನಡೆಯಲು ನಮ್ಮಲ್ಲಿಲ್ಲದಂಥ ಯಂತ್ರ ಬೇಕಿತ್ತು, ಪ್ರತಿ ಕಿಟಕಿಗೂ ಬೇರೆ ಪರವಾನಗಿ ಬೇಕಿತ್ತು. ಮಕ್ಕಳ ವಾರ್ಡಿಗೆ ಬರಬೇಕಾದ ಉಪಕರಣ ಬಿಟ್ಟು ಅದನ್ನು ತರುವುದಿಲ್ಲ ಎಂದು ಸಿಸ್ಟರ್ ಅಲ್ಲೇ ಹೇಳಿದರು.

ಮೂರನೆಯದೂ ಹತ್ತು ಸಲ ಎದ್ದು ನಿಂತಿತು. ಪ್ರತಿ ಸಲವೂ ಅರ್ಧ ಬರೆದಿದ್ದ ದಾಖಲೆ ಮಾತ್ರ ಇರುತ್ತಿರಲಿಲ್ಲ.

"ಅರ್ಧ ಬರ್ದಿದ್ದು ಎಲ್ಲೋಯ್ತು?"

"ಅರ್ಧ ಬರೆದದ್ದನ್ನು ಅದು ಲೆಕ್ಕಕ್ಕೇ ಹಿಡಿಯೋದಿಲ್ಲ ಸರ್. ಬರೆಯೋ ಮೊದಲು ಬೇರೆ ಕಡೆ ಒಂದು ಗುರುತು ಹಾಕಿಟ್ಟುಕೊಳ್ಳತ್ತೆ. ಎದ್ದಾಗ ಅದನ್ನು ಓದಿ, ಪೂರ್ತಿ ಆದದ್ದನ್ನು ಉಳಿಸಿ, ಆಗದ್ದನ್ನು ಬಿಡತ್ತೆ."

"ಮೂಲೇಲಿ ಪೆನ್ಸಿಲ್ ಬರ್ಕಂಡಂಗೆ."

"ಹೌದು," ಎಂದೆ. ಅದಕ್ಕಿಂತ ಚೆನ್ನಾಗಿ ಅದನ್ನು ವಿವರಿಸಿದವರನ್ನು ನಾನು ಇಂದಿಗೂ ಕಂಡಿಲ್ಲ. ಅದರಲ್ಲಿ ಎಂಟನೆಯ ಅಂಕಣ ಎಷ್ಟು ಉದ್ದವಾದರೂ ಇರಬಹುದಿತ್ತು, ಅದರೊಳಗಿನ ಯಾವ ಮಾತನ್ನು ಕೊಟ್ಟರೂ ಹುಡುಕುತ್ತಿತ್ತು. ಮುಂದೆ ಒಂಬತ್ತನೆಯ ಅಂಕಣ ಬೇಕಾದರೆ ಎಲ್ಲವನ್ನೂ ಮತ್ತೆ ಕಟ್ಟಬೇಕಾಗಿರಲಿಲ್ಲ. ನಾಲ್ಕು ಲಕ್ಷದಲ್ಲಿ ಒಂದು ಹೆಸರಿಗೆ ಒಂದೆರಡು ಸೆಕೆಂಡು.

ವರದಿ ಓದಿ ಸಿಸ್ಟರ್ ಕೇಳಿದ್ದು ಒಂದೇ ಪ್ರಶ್ನೆ. "ಇದು ಕೆಟ್ಟರೆ ಯಾರನ್ನ ಕರೀಬೇಕು?"

"ನನ್ನನ್ನ."

"ನೀನು ಮದುವೆ ಮಾಡ್ಕೊಂಡು ಹೋದ್ರೆ? ಒಬ್ಬರ ತಲೆಯಿಂದ ತೆಗೆದು ಇನ್ನೊಬ್ಬರ ತಲೆಗೆ ಹಾಕಿದ್ರೆ ಆಸ್ಪತ್ರೆಗೆ ಏನು ಸಿಕ್ಕಿತು?"

ಆ ಮಾತಿಗೆ ಉತ್ತರ ತಯಾರಿಸಲು ಡಿಸೆಂಬರ್ ಪೂರ್ತಿ ಹಿಡಿಯಿತು. ಇನ್ನೂರು ಪುಟದ ನೋಟ್‌ಪುಸ್ತಕದಲ್ಲಿ ಕನ್ನಡದಲ್ಲಿ ಎಲ್ಲವನ್ನೂ ಬರೆದೆ. ಚಾಲೂ ಮಾಡುವುದು, ಪ್ರತಿ ತೆಗೆದಿಡುವುದು, ನಿಂತುಹೋದರೆ ಎಬ್ಬಿಸುವುದು. ಬರೆದದ್ದನ್ನು ಶಾಹೀನ್ ಓದಿ, ನನ್ನನ್ನು ಕೇಳದೆ ಮಾಡಿ ತೋರಿಸಬೇಕು. ಅವಳು ಎಲ್ಲಿ ತಡೆದಳೋ ಅಲ್ಲಿ ತಪ್ಪು ನನ್ನದೆಂದು ತಿಳಿದು ತಿದ್ದಿ ಬರೆದೆ. ಕ್ರಿಸ್‌ಮಸ್ ಹಿಂದಿನ ದಿನ ನಾನು ಬೇಕೆಂದೇ ಎಲ್ಲ ಕೆಡಿಸಿಟ್ಟು ಹೊರಗೆ ಕೂತೆ. ನಲವತ್ತು ನಿಮಿಷದ ಮೇಲೆ ಅವಳು ಬಾಗಿಲಿಗೆ ಬಂದು, "ಅಕ್ಕಾ, ಎದ್ದುಬಿಡ್ತು ಕಣ್ರೀ!" ಎಂದು ಕೂಗಿದಳು. ಚೌರಪ್ಪನವರು ಮನೆಯಿಂದ ತಂದಿದ್ದ ಕ್ರಿಸ್‌ಮಸ್ ಸಿಹಿತಿಂಡಿ ಕಲ್‌ಕಲ್‌ನ ಡಬ್ಬಿ ಅವಳ ಮುಂದಿಟ್ಟರು. ಮಾರನೆಯ ವಾರ ಸಿಸ್ಟರ್ ಸಹಿ ಹಾಕಿದರು.

ಜನವರಿಯಿಂದ ಮಾರ್ಚ್‌ವರೆಗೆ ನಾವು ಮೂವರೂ ದುಡಿದದ್ದನ್ನು ಏನೆಂದು ಹೇಳಲಿ. ಬಸ್ಸಿನ ದಾರಿಯೊಂದೊಂದೇ ಮುಗಿಯುತ್ತಿತ್ತು. ಇನ್ನಿಬ್ಬರು ಟೈಪಿಸ್ಟರು ಸೇರಿಕೊಂಡರು. ಚೌರಪ್ಪನವರು ಗಂಟು ಬಿಚ್ಚುತ್ತ ಒಬ್ಬೊಬ್ಬರ ಕತೆ ಹೇಳುತ್ತಿದ್ದರು. ಬರೆಯದೆ ಬಿಟ್ಟದ್ದು ಎಷ್ಟಿತ್ತೆಂದರೆ, ಮೂಲೆಬರಹಕ್ಕಿಂತ ಅವರು ಬಾಯಲ್ಲಿ ಹೇಳಿದ್ದೇ ಹೆಚ್ಚಾಯಿತು. "ಇದ್ನೂ ಹಾಕು, ಗಟ್ಟಿಯಾಗಿ ಓದ್ಬೋದು," ಎನ್ನುತ್ತಿದ್ದರು. ಕೆಲವು ಫೈಲು ತೆರೆದು, ಸುಮ್ಮನೆ ಮುಚ್ಚಿ ಪಕ್ಕಕ್ಕಿಡುತ್ತಿದ್ದರು. ಅವು ತೀರಿಕೊಂಡವರವು. ಆ ಫೈಲುಗಳನ್ನೂ ಸೇರಿಸಿದೆವು, ಈಗಿಲ್ಲ ಎಂಬ ಒಂದು ಗುರುತಿನೊಂದಿಗೆ. ಯಾವುದನ್ನೂ ಅಳಿಸುವುದಿಲ್ಲ ಎಂಬುದು ಆ ಹೊತ್ತಿಗೆ ಕೋಣೆಯ ನಿಯಮವಾಗಿತ್ತು.

ಮಾರ್ಚ್ ಕೊನೆಯ ವಾರ. ಹೊರಗೆ ಬಿಸಿಲು ಏರುತ್ತಿತ್ತು. ಎಂಬತ್ತು ಸಾವಿರ ಮುಗಿದಿತ್ತು. ಆ ವಾರ ಚೌರಪ್ಪನವರು ಕೋಣೆಯಲ್ಲಿರಬೇಕು, ಬಾಯಿ ಬಿಡಬಾರದು ಎಂದು ಸಿಸ್ಟರ್ ಆಜ್ಞೆ. ಅವರು ಕೈಕಟ್ಟಿಕೊಂಡು ಕಪಾಟಿಗೆ ಒರಗಿ ನಿಲ್ಲುತ್ತಿದ್ದರು. ಬುಧವಾರ ಬೆಳಿಗ್ಗೆ ಒಬ್ಬ ಮುದುಕ ಕಿಟಕಿಗೆ ಬಂದರು. ಉಸಿರು ಎಳೆಯುತ್ತಿತ್ತು. ಚೀಟಿ ಇಲ್ಲ. ಹೆಸರು ಸಿದ್ದಯ್ಯ, ಬನ್ನೂರು ಬಸ್ಸು. ಶಾಹೀನ್ ಹೆಸರು ಕೊಟ್ಟಳು. ಅರವತ್ತು ಮಂದಿ ಸಿದ್ದಯ್ಯಂದಿರು ಪರದೆಗೆ ಬಂದರು. ಅಷ್ಟರಲ್ಲಿ ಕರೆಂಟ್ ಹೋಯಿತು.

ಮುದುಕ ಅವಳ ತಲೆಯ ಮೇಲಿಂದ ಚೌರಪ್ಪನವರ ಕಡೆ ನೋಡಿದರು. ಚೌರಪ್ಪನವರು ಗೋಡೆಯ ಕ್ಯಾಲೆಂಡರ್ ಕಡೆ ನೋಡಿದರು. ಅವರಿಗೆ ಗೊತ್ತಿತ್ತು. ಯಾವ ಗಂಟು, ಯಾವ ಸಾಲು, ಎಲ್ಲ ಗೊತ್ತಿತ್ತು. ಆರು ನಿಮಿಷದ ಮೇಲೆ ಕರೆಂಟ್ ಬಂತು. ಕಂಪ್ಯೂಟರ್ ಎದ್ದಿತು. ಅರವತ್ತೂ ಸಿದ್ದಯ್ಯಂದಿರು ಇದ್ದರು.

"ತಾತಾ, ಏನು ಕೆಲಸ ಮಾಡ್ತಿದ್ರಿ ನೀವು?" ಎಂದಳು ಶಾಹೀನ್.

"ಓಲಗ ಊದ್ತಿದ್ದೆ ಕಣವ್ವ. ಈಗೆಲ್ಲಿ, ಉಸ್ರೇ ಇಲ್ಲ."

ಅವಳು ಆ ಮಾತನ್ನು ಎಂಟನೆಯ ಅಂಕಣಕ್ಕೆ ಕೊಟ್ಟಳು. ಇಬ್ಬರು ಉಳಿದರು. ಮೊದಲನೆಯವರ ಬರಹವನ್ನು ಅವಳು ಗಟ್ಟಿಯಾಗಿ ಓದಿದಳು. "ಲಗ್ನದ ತಿಂಗಳಲ್ಲಿ ಬರೋದಿಲ್ಲ. ಭಾವಮೈದ ಡೋಲು ಬಾರಿಸ್ತಾನೆ."

"ಅವ್ನೇ, ಅವ್ನೇ ನಾನು!" ಎಂದು ಮುದುಕ ನಕ್ಕರು. ನಗುವೇ ಕೆಮ್ಮಾಯಿತು. ಸುಧಾರಿಸಿಕೊಂಡು ಚೌರಪ್ಪನವರನ್ನು ಕೇಳಿದರು, "ಏನ್ ಬುದ್ದಿ, ಎದುರ್ಗೇ ನಿಂತಿದ್ರೂ ಮಾತಾಡಲ್ರಿ. ನನ್ನ ಮರ್ತ್‌ಬುಟ್ರಾ?"

ಆಜ್ಞೆ ಮುರಿಯುವ ಮುನ್ನ ಅವರು ಸಿಸ್ಟರ್ ಕೋಣೆಯ ಕಡೆ ಒಮ್ಮೆ ನೋಡಿಕೊಂಡರು. "ಇಲ್ಲ ಕಣೋ ಸಿದ್ದಯ್ಯ. ಇವ್ರಿಗೂ ನೆನಪೈತಾ ಅಂತ ನೋಡ್ತಿದ್ದೆ."

ಶಾಹೀನ್ ಫೈಲು ತರಲು ಒಳಗೆ ಹೋದಳು. ಚೌರಪ್ಪನವರು ಕಪಾಟಿನಿಂದ ಬೆನ್ನು ಎತ್ತಿ, ಬಾಗಿಲು ದಾಟಿ ಅಂಗಳಕ್ಕೆ ಹೋದರು. ಹತ್ತೂಮುಕ್ಕಾಲು, ಗುಂಡ್ಲುಪೇಟೆ ಬಸ್ಸು ಬರುವ ಹೊತ್ತು. ಅವರು ರೋಗಿಗಳ ಬೆಂಚಿನ ಮೇಲೆ ನೆರಳಿನಲ್ಲಿ ಕೂತು, ಪಕ್ಕದವನ ಕೈಯಲ್ಲಿದ್ದ ಪೇಪರಿನ ಅರ್ಧ ಹಾಳೆ ಕೇಳಿ ತೆಗೆದುಕೊಳ್ಳುವುದು ನನಗೆ ಕಾಣಿಸಿತು.

ಕಿಟಕಿಯಲ್ಲಿ ಯಾರೂ ಇರಲಿಲ್ಲ. ನಾನು ಶಾಹೀನಳ ಕುರ್ಚಿಯಲ್ಲಿ ಕೂತೆ. ಸಾಲಿನಲ್ಲಿ ಮುಂದಿನ ಹೆಂಗಸು ಹತ್ತಿರ ಬಂದು ಕಂಬಿಗಳ ನಡುವೆ ಮುಖ ತಂದು ಹೆಸರು ಹೇಳಿದಳು. ಮಹದೇವಮ್ಮ. ಪರದೆಯ ಮೇಲೆ ನೂರಾರು ಮಹದೇವಮ್ಮಂದಿರು ಸಾಲಾಗಿ ಬಂದು ನಿಂತರು.

"ಅವಸರ ಇಲ್ಲ," ಎಂದೆ. "ಇನ್ನೂ ಸ್ವಲ್ಪ ಹೇಳಿ, ಅಮ್ಮ."